ಒಂದು ಕ್ಲಾಸು, ಇಬ್ಬರು ಮೇಡಂ

ದಾವಣಗೆರೆಯಿಂದ ಓದುಗ ಅಜ್ಜಿಯೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಅವರ ಮಗಳ ಸಂಸಾರ ಇರುವುದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಮೊಮ್ಮಗ ಈ ಸಲ ಮೂರನೆಯ ತರಗತಿ. ಅವನನ್ನು ಐ.ಸಿ.ಟಿ. ಕ್ಲಾಸಿಗೆ ಹಾಕಿದ್ದಾರೆಂದು ಮಗಳು ಫೋನಿನಲ್ಲಿ ಹೇಳಿದಾಗ ಅಜ್ಜಿಗೆ ಖುಷಿಯಾಯಿತಂತೆ. ನಮ್ಮ ಹೈಸ್ಕೂಲುಗಳಲ್ಲಿ ಐ.ಸಿ.ಟಿ. ಲ್ಯಾಬ್ ಎಂದರೆ ಕಂಪ್ಯೂಟರ್ ಕೋಣೆ ತಾನೆ? ಹುಡುಗ ಈಗಲೇ ಕಂಪ್ಯೂಟರ್ ಕಲಿಯುತ್ತಿದ್ದಾನೆಂದು ನೆರೆಮನೆಯವರಿಗೂ ಹೇಳಿಯಾಯಿತು. ಆಮೇಲೆ ತಿಳಿದದ್ದು, ಅಲ್ಲಿ ಐ.ಸಿ.ಟಿ. ಎಂದರೆ ಇಂಟಿಗ್ರೇಟೆಡ್ ಕೋ-ಟೀಚಿಂಗ್. ಕನ್ನಡದಲ್ಲಿ ಸಹಬೋಧನೆ ಎನ್ನಬಹುದು. ಒಂದೇ ಕೋಣೆ, ಇಬ್ಬರು ಮೇಡಂ. ಅವರಲ್ಲಿ ಒಬ್ಬರು ವಿಶೇಷ ಶಿಕ್ಷಣ ಓದಿದವರು. ಕ್ಲಾಸಿನ ಕೆಲವು ಮಕ್ಕಳಿಗೆ ಓದು, ಮಾತು, ಗಮನ, ಕಣ್ಣು, ಕಿವಿ, ಹೀಗೆ ಯಾವುದೋ ಒಂದು ತೊಡಕು ಇರುತ್ತದೆ.

“ಹಾಗಾದರೆ ನಮ್ಮ ಹುಡುಗನಿಗೆ ಏನೋ ಕಡಿಮೆ ಇದೆ ಅಂತಲೇ? ಕ್ಲಾಸು ಬದಲಾಯಿಸಿ ಅಂತ ಹೆಡ್‌ಮಾಸ್ಟರನ್ನು ಕೇಳು ಎಂದು ಮಗಳಿಗೆ ಹೇಳಲೇ? ನೀವು ಬ್ಯಾಂಕಿನಲ್ಲಿದ್ದವರು, ವಿಚಾರಿಸದೆ ಬರೆಯುವುದಿಲ್ಲ. ವಿಚಾರಿಸಿ ಬರೆಯಿರಿ” ಎಂದಿದ್ದಾರೆ.

ವಿಚಾರಿಸುವುದು ನನಗೆ ಸುಲಭವಾಯಿತು. ನನ್ನ ತಮ್ಮನ ಮಗಳು ಅದೇ ನಗರದ ಕ್ವೀನ್ಸ್ ಎಂಬ ಭಾಗದಲ್ಲಿ ವಿಶೇಷ ಶಿಕ್ಷಕಿ. ಐದಾರು ವರ್ಷದಿಂದ ಇಂಥ ಕ್ಲಾಸುಗಳಲ್ಲೇ ಪಾಠ ಮಾಡುತ್ತಿದ್ದಾಳೆ. ನಮ್ಮ ಬೆಳಗಿನ ಕಾಫಿ ಹೊತ್ತಿಗೆ ಅವಳಿಗೆ ರಾತ್ರಿ ಊಟ ಮುಗಿದಿರುತ್ತದೆ. ಎರಡು ಭಾನುವಾರ ಕೂತು ಮಾತಾಡಿದೆವು.

ಮೊದಲು ಅಜ್ಜಿಯ ಭಯಕ್ಕೆ ಉತ್ತರ. ಆ ಕ್ಲಾಸಿನಲ್ಲಿ ಇದ್ದಾನೆಂದ ಮಾತ್ರಕ್ಕೆ ಹುಡುಗನಿಗೆ ತೊಡಕಿದೆ ಎಂದಲ್ಲ. ನಗರದ ನಿಯಮವೇ ಹೀಗಿದೆ: ಐ.ಸಿ.ಟಿ. ಕ್ಲಾಸಿನಲ್ಲಿ ವಿಶೇಷ ಅಗತ್ಯವಿರುವ ಮಕ್ಕಳು ನೂರಕ್ಕೆ 40ನ್ನು ಮೀರಬಾರದು, ಮತ್ತು ಒಟ್ಟು 12 ದಾಟಬಾರದು. ಮಕ್ಕಳೇ, ಲೆಕ್ಕ ಹಾಕಿ. ಕ್ಲಾಸಿನಲ್ಲಿ 25 ಮಕ್ಕಳಿದ್ದರೆ ಅಂಥವರು ಹೆಚ್ಚೆಂದರೆ 10. ಉಳಿದ 15 ಮಕ್ಕಳು ನಿಮ್ಮ ನಿಮ್ಮ ಕ್ಲಾಸಿನಲ್ಲಿ ಪಕ್ಕ ಕೂರುವಂಥವರೇ. 24 ಮಕ್ಕಳಿದ್ದರೆ? 9.6 ಬರುತ್ತದೆ. ಮಗುವನ್ನು ದಶಾಂಶ ಮಾಡಲಾಗದು, ಮೇಲಕ್ಕೆ ಏರಿಸಿದರೆ ಮಿತಿ ಮೀರುತ್ತದೆ, ಆದ್ದರಿಂದ 9.

ಇನ್ನು, ಅಮೆರಿಕದ ಕಾನೂನಿನ ಪ್ರಕಾರ ವಿಶೇಷ ಶಿಕ್ಷಣ ಪಡೆಯುವ ಪ್ರತಿ ಮಗುವಿಗೂ ಒಂದು ಬರಹದ ಯೋಜನೆ ಇರಬೇಕು. ಅದನ್ನು ಐ.ಇ.ಪಿ. ಎನ್ನುತ್ತಾರೆ. ಮಗುವಿಗೆ ಏನು ಬರುತ್ತದೆ, ಏನು ಕಷ್ಟ, ಈ ವರ್ಷ ಎಲ್ಲಿಗೆ ಮುಟ್ಟಿಸಬೇಕು, ಅದಕ್ಕೆ ಯಾರು ವಾರಕ್ಕೆ ಎಷ್ಟು ಹೊತ್ತು ಏನು ಮಾಡುತ್ತಾರೆ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಅದನ್ನು ಬರೆಯುವ ಸಭೆಯಲ್ಲಿ ಅಪ್ಪ ಅಮ್ಮನೂ ಸದಸ್ಯರು. ಮೊದಲ ಸಲ ಸೇವೆ ಶುರು ಮಾಡುವುದಕ್ಕೆ ಅವರ ಒಪ್ಪಿಗೆಯ ಸಹಿ ಬೇಕೇ ಬೇಕು. ಆದ್ದರಿಂದ ತಾಯಿ, ನಿಮ್ಮ ಮೊಮ್ಮಗನಿಗೆ ಅಂಥ ಯೋಜನೆ ಇದ್ದರೆ ನಿಮ್ಮ ಮಗಳಿಗೆ ತಿಳಿಯದೆ ಇರುವುದು ಸಾಧ್ಯವಿಲ್ಲ. ಒಮ್ಮೆ ನೇರವಾಗಿ ಕೇಳಿಬಿಡಿ. ಇದೆ ಎಂದರೂ ಕಂಗೆಡಬೇಡಿ.

ಕಂಗೆಡಬೇಡಿ ಎಂದು ಯಾಕೆ ಹೇಳಿದೆ ಎಂದರೆ, ನನಗೆ ಒಬ್ಬ ಸಹಪಾಠಿ ನೆನಪಾಗುತ್ತಾನೆ. ನಮ್ಮದು ಏಕೋಪಾಧ್ಯಾಯ ಶಾಲೆ. ಒಂದರಿಂದ ನಾಲ್ಕರವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಅವನಿಗೆ ಬಾಯಿಲೆಕ್ಕ ಎಂದರೆ ನೀರು ಕುಡಿದ ಹಾಗೆ. ಸಂತೆಯಲ್ಲಿ ಅವರಪ್ಪ ಅಡಿಕೆ ತೂಗಿದರೆ ದುಡ್ಡು ಹೇಳುತ್ತಿದ್ದವನು ಇವನೇ. ಆದರೆ ಸ್ಲೇಟಿನ ಮೇಲೆ ಅಕ್ಷರ ಬರೆಯಲು ಹೇಳಿದರೆ ‘ಗ’ ‘ಸ’ ಆಗುತ್ತಿತ್ತು, ಒತ್ತಕ್ಷರವೆಲ್ಲ ಎಲ್ಲೆಲ್ಲಿಗೋ ಹೋಗುತ್ತಿದ್ದವು. ಮೇಷ್ಟ್ರು ಕೆಟ್ಟವರಲ್ಲ. ಐವತ್ತು ಮಕ್ಕಳ ನಡುವೆ ಒಬ್ಬನ ಪಕ್ಕ ಕೂರಲು ಅವರಿಗೆ ಹೊತ್ತೆಲ್ಲಿತ್ತು? ಅವನಿಗೆ ‘ದಡ್ಡ’ ಎಂಬ ಹೆಸರು ಬಂತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ. ನಾನು ಬಿ.ಕಾಂ. ಮಾಡಿ ಬ್ಯಾಂಕು ಸೇರಿದೆ. ನನಗಿಂತ ಚುರುಕಾಗಿ ಲೆಕ್ಕ ಮಾಡುತ್ತಿದ್ದವನು ಬ್ಯಾಂಕಿನ ಕೌಂಟರಿನ ಆಚೆ ಬದಿಯಲ್ಲಿ ನಿಂತು ಹೆಬ್ಬೆಟ್ಟು ಒತ್ತುತ್ತಿದ್ದ. ನೋಟಿನ ಕಟ್ಟನ್ನು ಮಾತ್ರ ನನಗಿಂತ ಬೇಗ ಎಣಿಸುತ್ತಿದ್ದ.

ಅಮೆರಿಕದಲ್ಲೂ ಆಗ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. 1970ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳು ಅಂಗವಿಕಲ ಮಕ್ಕಳಲ್ಲಿ ಐವರಲ್ಲಿ ಒಬ್ಬರಿಗೆ ಮಾತ್ರ ಪಾಠ ಹೇಳುತ್ತಿದ್ದವೆಂದು ಆ ದೇಶದ ಶಿಕ್ಷಣ ಇಲಾಖೆಯೇ ಹೇಳಿಕೊಂಡಿದೆ. 1975ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನು ಅದನ್ನು ಬದಲಾಯಿಸಿತು. ಅಂಥ ಮಕ್ಕಳಿಗೆ ಸರ್ಕಾರಿ ಖರ್ಚಿನಲ್ಲಿ ಶಿಕ್ಷಣ ಕೊಡಲೇಬೇಕು, ಸಾಧ್ಯವಾದಷ್ಟು ಮಟ್ಟಿಗೆ ಉಳಿದ ಮಕ್ಕಳ ಜೊತೆಯಲ್ಲೇ ಕೊಡಬೇಕು ಎಂದಿತು. ಮೊದಮೊದಲು ಏನಾಯಿತೆಂದರೆ, ತೊಡಕಿರುವ ಮಗುವನ್ನು ದಿನಕ್ಕೆ ಒಂದೆರಡು ಸಲ ಕ್ಲಾಸಿನಿಂದ ಎಬ್ಬಿಸಿ ಬೇರೆ ಕೋಣೆಗೆ ಕರೆದೊಯ್ದು ಪಾಠ ಹೇಳಿ ವಾಪಸು ತಂದು ಬಿಡುತ್ತಿದ್ದರು. ಹೋದಾಗ ಇಲ್ಲಿನ ಪಾಠ ತಪ್ಪುತ್ತಿತ್ತು. ಎದ್ದು ಹೋಗುವಾಗ ಎಲ್ಲರ ಕಣ್ಣೂ ಬೆನ್ನ ಮೇಲೆ. ಮಗುವನ್ನು ಮೇಡಂ ಹತ್ತಿರ ಕಳಿಸುವ ಬದಲು ಮೇಡಮ್ಮನ್ನೇ ಮಗುವಿನ ಕ್ಲಾಸಿಗೆ ಕಳಿಸಿದರೆ? ಸಹಬೋಧನೆ ಹುಟ್ಟಿದ್ದು ಅಲ್ಲಿಂದ.

ಇಬ್ಬರೂ ಸೇರಿ ಹೇಗೆ ಪಾಠ ಮಾಡುತ್ತಾರೆ? ಮರಿಲಿನ್ ಫ್ರೆಂಡ್, ಲಿನ್ ಕುಕ್ ಎಂಬ ಇಬ್ಬರು ವಿದುಷಿಯರು ಆರು ಬಗೆ ಗುರುತಿಸಿದ್ದಾರೆ. ಶಿಕ್ಷಕರ ತರಬೇತಿಯಲ್ಲೆಲ್ಲ ಈ ಆರು ಬಗೆಯ ಮಾತು ಬರುತ್ತದಂತೆ. ಆರನ್ನೂ ಇಲ್ಲಿ ಬಿಡಿಸುವುದಿಲ್ಲ. ನನಗೆ ಹಿಡಿಸಿದ್ದು ಗುಂಪು ಗುಂಪಾಗಿ ಸುತ್ತುವ ಬಗೆ. 24 ಮಕ್ಕಳು, ಭಿನ್ನರಾಶಿಯ ಪಾಠ, 45 ನಿಮಿಷದ ಪೀರಿಯಡ್. ಎಂಟೆಂಟು ಮಕ್ಕಳ ಮೂರು ಗುಂಪು. ಒಂದು ಮೂಲೆಯಲ್ಲಿ ಒಬ್ಬ ಮೇಡಂ ಕಾಗದದ ರೊಟ್ಟಿ ಕತ್ತರಿಸಿ ಅರ್ಧ, ಕಾಲು, ಅರೆಕಾಲು ತೋರಿಸುತ್ತಾರೆ. ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬ ಮೇಡಂ ಅದನ್ನೇ ಅಂಕಿಯಲ್ಲಿ ಬರೆಸುತ್ತಾರೆ. ಮೂರನೆಯ ಗುಂಪು ತಾನೇ ಕೂತು ಲೆಕ್ಕ ಮಾಡುತ್ತದೆ. 15 ನಿಮಿಷಕ್ಕೊಮ್ಮೆ ಗುಂಪುಗಳು ಜಾಗ ಬದಲಾಯಿಸುತ್ತವೆ. ಪೀರಿಯಡ್ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಇಬ್ಬರು ಮೇಡಂ ಎದುರೂ ಕೂತಿರುತ್ತದೆ, ಅದೂ ಎಂಟು ಜನರ ನಡುವೆ! ತೊಡಕಿರುವ ಮಗು ಯಾವುದು, ಇಲ್ಲದ್ದು ಯಾವುದು ಎಂದು ಬಾಗಿಲಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

ನಮ್ಮ ಸರ್ಕಾರಿ ಶಾಲೆಯಲ್ಲಿ ಓದುವ ಮಕ್ಕಳು ಇದನ್ನು ಓದಿ “ಇದು ನಮ್ಮ ನಲಿಕಲಿಯ ಹಾಗೇ ಇದೆಯಲ್ಲ” ಎನ್ನಬಹುದು. ನಿಜ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ನಲಿಕಲಿಯಲ್ಲೂ ಮಕ್ಕಳು ಗುಂಪಾಗಿ ಕೂತು ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಎಲ್ಲ ಗುಂಪಿಗೂ ಓಡಾಡುವವರು ಒಬ್ಬರೇ.

ಇನ್ನೊಂದು ಬಗೆ, ಕ್ಲಾಸನ್ನು ಎರಡು ಹೋಳು ಮಾಡಿ ಇಬ್ಬರೂ ಅದೇ ಪಾಠವನ್ನು ಹೇಳುವುದು. 24 ಮಕ್ಕಳಿರುವಲ್ಲಿ ಕೈ ಎತ್ತಲು ಹೆದರುವ ಮಗು 12ರಲ್ಲಿ ಎತ್ತುತ್ತದೆ. ಮತ್ತೊಂದು, ಇಬ್ಬರೂ ಬೋರ್ಡಿನ ಮುಂದೆ ನಿಂತು ಹರಿಕಥೆ ದಾಸರೂ ಪಕ್ಕವಾದ್ಯದವರೂ ಮಾತಾಡಿಕೊಂಡ ಹಾಗೆ ಪಾಠ ನಡೆಸುವುದು. ಅದಕ್ಕೆ ಒಬ್ಬರಿಗೊಬ್ಬರು ಚೆನ್ನಾಗಿ ಪಳಗಿರಬೇಕು.

ಎಲ್ಲಕ್ಕಿಂತ ಸುಲಭವಾದ ಬಗೆಯೂ ಒಂದಿದೆ. ಒಬ್ಬರು ಪಾಠ ಮಾಡುವುದು, ಇನ್ನೊಬ್ಬರು ಬೆಂಚುಗಳ ನಡುವೆ ಓಡಾಡಿ ಸಹಾಯ ಮಾಡುವುದು. ಆಗೊಮ್ಮೆ ಈಗೊಮ್ಮೆ ಇದು ಸರಿಯೇ. ದಿನವೂ ಇದೇ ಆದರೆ ಕೆಡುತ್ತದೆ. 2007ರಲ್ಲಿ ಸ್ಕ್ರಗ್ಸ್ ಮತ್ತು ಇಬ್ಬರು ಸಂಗಡಿಗರು 32 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಇದೇ ಬಗೆ. ಎಷ್ಟೋ ಕಡೆ ವಿಶೇಷ ಶಿಕ್ಷಕಿ ಎರಡನೆಯ ದರ್ಜೆಯವಳಾಗಿ ಉಳಿದಿದ್ದಳು. ಸ್ನಾತಕೋತ್ತರ ಪದವಿ ಓದಿ ಬಂದವಳು ಪೆನ್ಸಿಲ್ ಚೂಪು ಮಾಡಿಕೊಡುತ್ತಾ, ಜೆರಾಕ್ಸ್ ಮಾಡಿಸಿ ತರುತ್ತಾ ಇದ್ದರೆ ಮಕ್ಕಳು ಅವಳನ್ನು ‘ನಿಜವಾದ ಮೇಡಂ ಅಲ್ಲ’ ಎಂದುಕೊಳ್ಳುತ್ತಾರೆ. ಅವಳ ಬಳಿ ಹೋಗುವ ಮಗುವೂ ‘ನಿಜವಾದ ವಿದ್ಯಾರ್ಥಿ ಅಲ್ಲ’ ಎಂದಾಗುತ್ತದೆ. ಅದೇ ಅಧ್ಯಯನದಲ್ಲಿ ಶಿಕ್ಷಕರು ಒಂದೇ ಸಮನೆ ಕೇಳಿದ್ದೇನು ಗೊತ್ತೇ? ಆಡಳಿತದವರ ಬೆಂಬಲ, ಜೊತೆಯಲ್ಲಿ ಕೂತು ಪಾಠ ಯೋಜಿಸಲು ಸಮಯ, ತರಬೇತಿ, ಮತ್ತು ಬಲವಂತವಿಲ್ಲದೆ ಒಪ್ಪಿ ಬಂದ ಜೋಡಿ.

ಈ ನಾಲ್ಕೂ ಇರುವುದು ಹೆಡ್‌ಮಾಸ್ಟರ ಕೈಯಲ್ಲಿ. ಅಲ್ಲಿ ಪ್ರಿನ್ಸಿಪಾಲ್ ಎನ್ನುತ್ತಾರೆ. ಪಾಠ ಮಾಡುವವರು ಇಬ್ಬರಾದರೂ ಕ್ಲಾಸು ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಮೂರನೆಯವರ ಕೋಣೆಯಲ್ಲಿ, ಬೇಸಿಗೆ ರಜೆಯಲ್ಲಿ, ಟೈಂ ಟೇಬಲ್ ಹಾಕುವ ದಿನ.

ಬ್ಯಾಂಕಿನ ಮಾತು ಹೇಳಿದರೆ ಇದು ಬೇಗ ಅರ್ಥವಾದೀತು. ನಮ್ಮ ಶಾಖೆಯ ಹಣದ ತಿಜೋರಿಗೆ ಎರಡು ಬೀಗದ ಕೈ. ಒಂದು ಹೆಡ್ ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಕೈ ಇಟ್ಟುಕೊಂಡವರು ರಜೆ ಹಾಕಿದರೆ ಇನ್ನೊಬ್ಬರಿಗೆ ಪುಸ್ತಕದಲ್ಲಿ ಸಹಿ ಮಾಡಿ ಒಪ್ಪಿಸಿ ಹೋಗಬೇಕು. ‘ಇವತ್ತು ಒಂದೇ ಕೈಯಲ್ಲಿ ಸುಧಾರಿಸಿ’ ಎಂದು ಯಾವ ಮ್ಯಾನೇಜರೂ ಹೇಳುವಂತಿರಲಿಲ್ಲ. ಶಾಲೆಯಲ್ಲಿ ಹಾಗೆ ಹೇಳಿಬಿಡುತ್ತಾರೆ. ಯಾರೋ ಒಬ್ಬ ಶಿಕ್ಷಕರಿಗೆ ಜ್ವರ ಬಂತು, ಬದಲಿಯವರು ಸಿಗಲಿಲ್ಲ. ಪ್ರಿನ್ಸಿಪಾಲರ ಕಣ್ಣು ನೇರ ಇಬ್ಬರಿರುವ ಕ್ಲಾಸಿನ ಮೇಲೆ. “ಅಲ್ಲಿ ಹೇಗೂ ಇನ್ನೊಬ್ಬರಿದ್ದಾರಲ್ಲ!”

ನನ್ನ ತಮ್ಮನ ಮಗಳು ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ಕಥೆ. “ದೊಡ್ಡಪ್ಪಾ, ವಾರಕ್ಕೆ ಮೂರು ದಿನ ನನ್ನನ್ನು ಬೇರೆ ಕ್ಲಾಸಿಗೆ ಅಟ್ಟುತ್ತಿದ್ದರು. ಐ.ಇ.ಪಿ.ಯಲ್ಲಿ ಇಬ್ಬರು ಶಿಕ್ಷಕರು ಎಂದು ಬರೆದಿದೆ, ಮಗುವಿಗೆ ಸಿಗುವುದು ಒಬ್ಬರು. ಇದು ಮಗುವಿಗೆ ಕೊಟ್ಟ ಮಾತು ತಪ್ಪಿದ ಹಾಗೆ ಅಲ್ಲವಾ?” ಎಂದಳು. ಜೊತೆಗಾರ್ತಿಯೊಡನೆ ಕೂತು ಮಾತಾಡಲು ಪೀರಿಯಡ್ಡೇ ಇರಲಿಲ್ಲ. ಇವಳಿಗೆ ಬಿಡುವಿದ್ದಾಗ ಅವಳಿಗೆ ಕ್ಲಾಸು, ಅವಳಿಗೆ ಬಿಡುವಿದ್ದಾಗ ಇವಳಿಗೆ. ನಾಳಿನ ಪಾಠವನ್ನು ಕಾರಿಡಾರಿನಲ್ಲಿ ನಡೆಯುತ್ತಾ ಗುಸುಗುಸು ಹೇಳಿಕೊಳ್ಳುತ್ತಿದ್ದರಂತೆ. ಇಬ್ಬರೂ ಬೇಸತ್ತರು. ಇವಳು ಶಾಲೆಯನ್ನೇ ಬದಲಾಯಿಸಿದಳು.

ಎರಡನೆಯ ಶಾಲೆಯ ಪ್ರಿನ್ಸಿಪಾಲರು ಬೇರೆ ಜಾತಿಯ ಮನುಷ್ಯ. ಟೈಂ ಟೇಬಲ್ ಹಾಕುವಾಗ ಮೊದಲು ಇಬ್ಬರು ಶಿಕ್ಷಕರ ಕ್ಲಾಸುಗಳನ್ನು ಕೂರಿಸುತ್ತಾರೆ, ಅವರಿಬ್ಬರಿಗೂ ಒಂದೇ ಹೊತ್ತಿಗೆ ಬಿಡುವು ಬರುವಂತೆ ನೋಡಿಕೊಳ್ಳುತ್ತಾರೆ, ಆಮೇಲೆ ಸಂಗೀತ, ಆಟ, ಉಳಿದದ್ದೆಲ್ಲ ತುಂಬುತ್ತಾರೆ. ಡಬ್ಬಿಗೆ ಮೊದಲು ದೊಡ್ಡ ಉಂಡೆ ಹಾಕಿ ಸಂದಿಯಲ್ಲಿ ಖಾರ ತುಂಬಿದ ಹಾಗೆ. ತಿರುಗಾಮುರುಗಾ ಮಾಡಿದರೆ ಉಂಡೆ ಹಿಡಿಯುವುದಿಲ್ಲ. ಜೋಡಿಯನ್ನು ನಿರ್ಧರಿಸುವ ಮೊದಲು ಇಬ್ಬರನ್ನೂ ಕರೆದು ಕೇಳುತ್ತಾರೆ. ಹೊಂದಿಕೊಂಡ ಜೋಡಿಯನ್ನು ಮರುವರ್ಷ ಒಡೆಯುವುದಿಲ್ಲ. ಜ್ವರ ಬಂದವರ ಬದಲಿಗೆ ಒಮ್ಮೆ ತಾವೇ ಹೋಗಿ ಪಾಠ ಮಾಡಿದರಂತೆ, ಇವಳನ್ನು ಮಾತ್ರ ಎಬ್ಬಿಸಲಿಲ್ಲ.

ಚಿಕ್ಕದೆನಿಸುವ ಇನ್ನೊಂದು ಸಂಗತಿ. ಕ್ಲಾಸಿನ ಬಾಗಿಲ ಮೇಲೆ ಇಬ್ಬರ ಹೆಸರೂ ಇದೆ. ಮನೆಗೆ ಹೋಗುವ ಕಾಗದಕ್ಕೆ ಇಬ್ಬರ ಸಹಿ. ಪೋಷಕರ ಸಭೆಯಲ್ಲಿ ಇಬ್ಬರೂ ಕೂರುತ್ತಾರೆ, ಎಲ್ಲ ಮಕ್ಕಳ ಪೋಷಕರ ಜೊತೆಯೂ. ಮೊದಲ ಶಾಲೆಯಲ್ಲಿ ಇವಳಿಗೆ ಮೇಜೇ ಇರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಚೀಲ ಇಡುತ್ತಿದ್ದಳು. ಇಲ್ಲಿ ಎರಡು ಮೇಜು. ಮಕ್ಕಳು ಇಂಥದ್ದನ್ನೆಲ್ಲ ದೊಡ್ಡವರಿಗಿಂತ ಬೇಗ ಗಮನಿಸುತ್ತಾರೆ. ನಮ್ಮ ಶಾಖೆಯಲ್ಲೂ ಗ್ರಾಹಕರು ಯಾವ ಗುಮಾಸ್ತನಿಗೆ ಬೆಲೆ ಇದೆ ಎಂಬುದನ್ನು ಕುರ್ಚಿ ನೋಡಿಯೇ ಅಳೆಯುತ್ತಿದ್ದರು!

ತರಬೇತಿಗೂ ಇಬ್ಬರನ್ನು ಒಟ್ಟಿಗೇ ಕಳಿಸಬೇಕು. ಒಬ್ಬರೇ ಹೋಗಿ ಬಂದರೆ ಕಲಿತದ್ದು ಚೀಲದಲ್ಲೇ ಉಳಿಯುತ್ತದೆ. ಇಷ್ಟಾದರೂ ಇದು ಖರ್ಚಿನ ಬಾಬತ್ತು. ಒಂದು ಕ್ಲಾಸಿಗೆ ಎರಡು ಸಂಬಳ. ಅಲ್ಲಿನ ಕಾನೂನು ಕಟ್ಟುನಿಟ್ಟಾಗಿ ಹೇಳುತ್ತದಾದ್ದರಿಂದ ನಡೆಯುತ್ತಿದೆ. ನ್ಯೂಯಾರ್ಕ್ ರಾಜ್ಯದ ನಿಯಮದಲ್ಲಿ ಕ್ಲಾಸಿಗೆ ಸಾಮಾನ್ಯ ಶಿಕ್ಷಕರೊಬ್ಬರು, ವಿಶೇಷ ಶಿಕ್ಷಕರೊಬ್ಬರು ಇರಲೇಬೇಕು, ವಿಶೇಷ ಶಿಕ್ಷಕರ ಜಾಗದಲ್ಲಿ ಸಹಾಯಕರನ್ನು ಕೂರಿಸಿ ಲೆಕ್ಕ ಕೊಡುವಂತಿಲ್ಲ.

ನಮ್ಮಲ್ಲಿ ಹೇಗೆ ಎಂದು ಕೇಳುವಿರಿ. ಕಾನೂನು ನಮ್ಮಲ್ಲೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಹೆಸರಿಸಿದೆ. ನನ್ನ ಸಹಪಾಠಿಗೆ ಇದ್ದಿರಬಹುದಾದ ಓದಿನ ತೊಡಕೂ ಅದರಲ್ಲಿ ಸೇರಿದೆ. ಇಂಥ ಮಕ್ಕಳು ಎಲ್ಲರ ಜೊತೆ ಕಲಿಯಬೇಕೆಂದು ಕಾಯ್ದೆ ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಈಗ ಬರುವವರು ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು. ಇವರು ಒಂದು ಶಾಲೆಯವರಲ್ಲ, ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದವರು. ಊರೂರು ಸುತ್ತುತ್ತಾರೆ, ಶಾಲೆಗೆ ಬರಲಾಗದ ಮಗುವಿನ ಮನೆಗೂ ಹೋಗುತ್ತಾರೆ. ಬಸ್ಸು ಹಿಡಿದು ಬಂದ ದಿನ ಅವರಿಗೆ ವರಾಂಡದಲ್ಲಿ ಒಂದು ಕುರ್ಚಿ ಹಾಕಿಕೊಟ್ಟು ಮಗುವನ್ನು ಅಲ್ಲಿಗೆ ಕಳಿಸಿದರೆ ಹಳೆಯ ಪದ್ಧತಿಯೇ ಆಯಿತು. ಆ ದಿನ ಕ್ಲಾಸಿನ ಒಳಗೇ ಕೂರಿಸಿ, ಕ್ಲಾಸ್ ಟೀಚರ್ ಜೊತೆ ಅರ್ಧ ಗಂಟೆ ಮಾತಾಡಲು ಬಿಡುವು ಮಾಡಿಕೊಟ್ಟರೆ, ಅವರು ಹೋದ ಮೇಲೂ ಕೆಲಸ ನಡೆಯುತ್ತದೆ. ಇದಕ್ಕೆ ಮೇಲಿನಿಂದ ಆದೇಶ ಬರಬೇಕಾಗಿಲ್ಲ, ಹೆಚ್ಚಿನ ಹಣವೂ ಬೇಡ. ಹೆಡ್‌ಮಾಸ್ಟರು ಮನಸ್ಸು ಮಾಡಿದರೆ ಮುಂದಿನ ಸೋಮವಾರದಿಂದಲೇ ಆಗುವಂಥದ್ದು.

ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ‘ಶಾಡೋ ಟೀಚರ್’ ಎಂದು ಒಬ್ಬರನ್ನು ಮಗುವಿನ ಪಕ್ಕದಲ್ಲಿ ಕೂರಿಸುತ್ತಾರೆ. ಎಷ್ಟೋ ಕಡೆ ಅವರ ಸಂಬಳ ಪೋಷಕರದೇ. ಅದೂ ಇದೂ ಒಂದೇ ಎಂದುಕೊಳ್ಳಬೇಡಿ. ಅವರು ಒಂದು ಮಗುವಿನವರು, ಸಹಬೋಧನೆಯ ಮೇಡಂ ಇಡೀ ಕ್ಲಾಸಿನವರು.

ಈಗ ದಾವಣಗೆರೆಯ ಅಜ್ಜಿಗೆ. ತಾಯಿ, ಕ್ಲಾಸು ಬದಲಾಯಿಸು ಎಂದು ಮಗಳಿಗೆ ಹೇಳಬೇಡಿ. ಅದರ ಬದಲು ಇಷ್ಟು ಹೇಳಿ. ಮುಂದಿನ ಪೋಷಕರ ಸಭೆಗೆ ಅಳಿಯಂದಿರೂ ಹೋಗಲಿ. ಇಬ್ಬರು ಮೇಡಂ ಕೂತಿದ್ದಾರೆಯೇ ನೋಡಲಿ. ನೀವಿಬ್ಬರೂ ಪಾಠ ಯೋಜಿಸಲು ಯಾವಾಗ ಕೂರುತ್ತೀರಿ ಎಂದು ಕೇಳಲಿ. ತಟ್ಟನೆ ‘ಮಂಗಳವಾರ ಮೂರನೆಯ ಪೀರಿಯಡ್’ ಎಂಬಂಥ ಉತ್ತರ ಬಂದರೆ ನಿಶ್ಚಿಂತೆಯಿಂದ ಮನೆಗೆ ಬರಲಿ. ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಅದನ್ನೇ ಕೇಳಲಿ. ಹುಡುಗನನ್ನು ನೀವೂ ಕೇಳಬಹುದು, ಫೋನಿನಲ್ಲಿ: “ನಿಮ್ಮ ಎರಡನೇ ಮೇಡಂ ಇವತ್ತು ಏನು ಹೇಳಿಕೊಟ್ಟರು?” ಎಂದು. ಅವನು “ಎರಡನೇ ಮೇಡಂ ಯಾರಜ್ಜಿ?” ಎಂದು ತಿರುಗಿ ಕೇಳಿದರೆ ಅಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ನನ್ನ ಲೆಕ್ಕ.

ಮತ್ತು ಅವನಿಗೆ ಐ.ಇ.ಪಿ. ಇದ್ದು, ಅಪ್ಪ ಅಮ್ಮನಿಗೆ ಸಭೆಯ ಇಂಗ್ಲಿಷು ತೊಡಕಾದರೆ ದುಭಾಷಿ ಬೇಕೆಂದು ಶಾಲೆಯನ್ನು ಕೇಳುವ ಹಕ್ಕಿದೆ. ಸಂಕೋಚ ಬೇಡ.

ಮಕ್ಕಳೇ, ನಿಮಗೆ ಈ ವಾರದ ಲೆಕ್ಕ. ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ಎರಡು ಐ.ಸಿ.ಟಿ. ಕ್ಲಾಸುಗಳಿವೆ. ಮೊದಲನೆಯದರಲ್ಲಿ 28 ಮಕ್ಕಳು, ಎರಡನೆಯದರಲ್ಲಿ 33. ಒಂದೊಂದರಲ್ಲೂ ವಿಶೇಷ ಅಗತ್ಯದ ಮಕ್ಕಳು ಹೆಚ್ಚೆಂದರೆ ಎಷ್ಟು ಇರಬಹುದು? ಎರಡನೆಯದರಲ್ಲಿ ಒಂದು ಚಿಕ್ಕ ಬಲೆ ಇದೆ, ಮೇಲೆ ಹೇಳಿದ ನಿಯಮವನ್ನು ಇನ್ನೊಮ್ಮೆ ಓದಿ. ಉತ್ತರ ಮುಂದಿನ ವಾರ.